ಟವೆಲ್ಲಿನ ಮರೆಯ ಮತ

ನಮ್ಮ ಮನೆಯ ಟಿವಿ ರಿಮೋಟಿಗೆ ವಯಸ್ಸಾಗಿದೆ. ಅದರ ಬೆನ್ನಿಗೆ ಸುತ್ತಿದ ರಬ್ಬರ್ ಬ್ಯಾಂಡು ಹರಿದಾಗಲೆಲ್ಲ ಹೊಸ ರಿಮೋಟು ತರಬೇಕೆಂದು ತೀರ್ಮಾನಿಸುತ್ತೇವೆ, ಇನ್ನೊಂದು ರಬ್ಬರ್ ಬ್ಯಾಂಡು ಸಿಕ್ಕ ಕೂಡಲೇ ಮರೆಯುತ್ತೇವೆ. ಮೊನ್ನೆ ಸಂಜೆ ರಬ್ಬರ್ ಬ್ಯಾಂಡೂ ಸಿಗಲಿಲ್ಲ. ಆಗ ನನ್ನ ಹೆಂಡತಿ ಶಾಂತಾ, ಊರಿಂದ ಬಂದಿದ್ದ ನನ್ನ ಅಕ್ಕನ ಕೈಚೀಲದಲ್ಲಿದ್ದ ಬೂದು ಬಣ್ಣದ ರಿಮೋಟೊಂದನ್ನು ತೆಗೆದು, ಟಿವಿಯ ಕಡೆಗೆ ಹಿಡಿದು ಒತ್ತತೊಡಗಿದಳು. ಒಂದು ಒತ್ತಿದಳು, ಎರಡು ಒತ್ತಿದಳು, ಮೂರೂ ಒತ್ತಿದಳು. ಟಿವಿ ಕ್ಯಾರೆ ಅನ್ನಲಿಲ್ಲ.

“ಇದ್ರಾಗ ಮೂರ ಗುಂಡಿ ಅದಾವಲ್ರಿ. ಮೂರ ಚಾನೆಲ್ಲಿನ ಟಿವಿ ಯಾರ ಮನ್ಯಾಗಿತ್ತು?” ಅಂದಳು.

ಅದು ಮಾವನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅಂತ ಅಕ್ಕ ಹೇಳಿದಳು. ಮಾವ ಅಂದರೆ ನಮ್ಮ ಸೋದರಮಾವ. ತೀರಿಕೊಂಡು ಎರಡು ವರ್ಷವಾಯಿತು. ಹೋದ ವಾರ ಅತ್ತೆ ಅವನ ಪೆಟ್ಟಿಗೆ ಝಾಡಿಸುವಾಗ, ಚಾಳೀಸಿನ, ಅಂದರೆ ಕನ್ನಡಕದ, ಡಬ್ಬಿಯ ಪಕ್ಕದಲ್ಲಿ ಇದು ಕಂಡಿತಂತೆ. ಪೇಟೆಯಲ್ಲಿರುವ ಬಸ್ಯಾನಿಗೆ ಉಪಯೋಗಕ್ಕೆ ಬಂದೀತು ಅಂತ ಕೊಟ್ಟು ಕಳಿಸಿದ್ದಾಳೆ. ಬಸ್ಯಾ ಅಂದರೆ ನಾನು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಸದ್ಯ ಕೊಪ್ಪಳದ ವಾಸಿ.

ನಾನು ಅದನ್ನು ಕೈಗೆ ತೆಗೆದುಕೊಂಡೆ. ಬೆನ್ನ ಮೇಲೆ ನಂಬರಿನ ಚೀಟಿ ಇನ್ನೂ ಅಂಟಿಕೊಂಡಿತ್ತು. ಇದು ಟಿವಿ ನಡೆಸುವ ಸಾಮಾನಲ್ಲ, ಮತ ಹಾಕುವ ಯಂತ್ರ. ಹಿಂದೊಮ್ಮೆ ನಮ್ಮ ನೀರು ಬಳಕೆದಾರರ ಸಂಘದ ಸಭೆಯಲ್ಲಿ ಇದನ್ನು ನಮ್ಮೆಲ್ಲರ ಕೈಗೂ ಕೊಟ್ಟಿದ್ದರು. ಸಭೆ ಮುಗಿದ ಮೇಲೆ ಎಣಿಸಿದರೆ ಒಂದು ಕಡಿಮೆ. ಜಮಖಾನೆ ಝಾಡಿಸಿದರು, ಕುರ್ಚಿಯ ಕೆಳಗೆ ಹುಡುಕಿದರು. ಮಾವನೂ ಎಲ್ಲರ ಜೊತೆ ಬಗ್ಗಿ ಹುಡುಕಿದ್ದ. ಅವತ್ತು ಕಳೆದದ್ದು ಈಗ ನನ್ನ ಅಂಗೈಯಲ್ಲಿತ್ತು.

ಟಿವಿ ಇಲ್ಲದ ಸಂಜೆ ಹಳೆಯದೆಲ್ಲ ನೆನಪಾಗುತ್ತದೆ. ನಿಮ್ಮ ಮನೆಯಲ್ಲೂ ಹಾಗೇ ಇರಬೇಕು.

ನಾನು ಕೈ ಎತ್ತುವ ವಿಷಯದಲ್ಲಿ ಮೊದಲಿನಿಂದ ಹಿಂದೆ. ಚಿಕ್ಕವನಿದ್ದಾಗ ಶಾಲೆಯಲ್ಲಿ ಮಾಸ್ತರರು ಮಗ್ಗಿ ಕೇಳಿ, ಗೊತ್ತಿದ್ದವರು ಕೈ ಎತ್ತಿ ಅಂದರೆ ನನ್ನ ಕೈ ಕಿವಿಯ ತನಕ ಹೋಗುತ್ತಿತ್ತು. ಅಲ್ಲಿ ನಿಂತು ಸುತ್ತಲೂ ನೋಡುತ್ತಿತ್ತು. ಜಾಣರ ಕೈಗಳು ಎದ್ದರೆ ಅದೂ ಎರಡು ಬೆರಳಿನಷ್ಟು ಮೇಲೇರುತ್ತಿತ್ತು. ಯಾರದೂ ಏಳದಿದ್ದರೆ ತಲೆ ಕೆರೆದುಕೊಂಡು ಇಳಿದುಬಿಡುತ್ತಿತ್ತು. ಮುಂದೆ ನಾನೇ ಮಾಸ್ತರನಾಗಿ ಮೂವತ್ತು ವರ್ಷ ಮಕ್ಕಳಿಗೆ “ಕೈ ನೆಟ್ಟಗೆ ಎತ್ತಬೇಕು” ಅಂತ ಕಲಿಸಿದೆ. ನನ್ನದನ್ನು ಮಾತ್ರ ನೆಟ್ಟಗೆ ಮಾಡಿಕೊಳ್ಳಲಿಲ್ಲ.

ಕೊಪ್ಪಳ ಹೊಸದಾಗಿ ಜಿಲ್ಲೆಯಾದಾಗ ನಾನು ಯಲಬುರ್ಗಾ ಕಡೆಯ ಒಂದು ಊರಿನ ಶಾಲೆಯಲ್ಲಿದ್ದೆ. ಜಿಲ್ಲೆಯಾದ ಹುರುಪಿನಲ್ಲಿ ಎಲ್ಲದಕ್ಕೂ ಸಭೆಗಳು ನಡೆಯುತ್ತಿದ್ದವು. ಶಿಕ್ಷಕರ ಒಂದು ಸಭೆಯಲ್ಲಿ ಯಾವುದೋ ಠರಾವಿನ ಮೇಲೆ ಕೈ ಎತ್ತಿಸಿ ಎಣಿಸಿದರೆ, ಪರ ಮತ್ತು ವಿರೋಧ ಕೂಡಿ ಹಾಜರಿದ್ದವರಿಗಿಂತ ಒಂದು ಹೆಚ್ಚಾಯಿತು. ಎರಡು ಸಲ ಎಣಿಸಿದರೂ ಅಷ್ಟೇ. ಎರಡೂ ಕಡೆ ಲೆಕ್ಕಕ್ಕೆ ಸಿಕ್ಕ ಕೈ ಯಾರದೆಂದು ನನಗೊಬ್ಬನಿಗೇ ಗೊತ್ತಿತ್ತು. ಮೂರನೆಯ ಸಲ ಎಣಿಸುವಾಗ ನೀರು ಕುಡಿಯುವ ನೆಪ ಹೇಳಿ ಎದ್ದು ಹೋದೆ.

ಇದಕ್ಕೆಲ್ಲ ಕಾರಣ ಮಾವ ಅಂದರೆ ತಪ್ಪಾದೀತು. ಆದರೆ ಸ್ವಲ್ಪ ಸಂಬಂಧವಿದೆ. ನಮ್ಮಪ್ಪ ನಾವು ಚಿಕ್ಕವರಿರುವಾಗಲೇ ಹೋದರು. ಅವ್ವ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಇದೇ ಜಿಲ್ಲೆಯ ಸಿದ್ದಾಪುರದ ಹತ್ತಿರದ ತವರಿಗೆ ಬಂದಳು. ಮಾವ ನಮ್ಮನ್ನು ತನ್ನ ಮಕ್ಕಳ ಪಂಕ್ತಿಯಲ್ಲೇ ಕೂಡಿಸಿ ಉಣಿಸಿದ. ನನಗೆ ಶಾಲೆ ಕಲಿಸಿದ, ನಮ್ಮಪ್ಪನ ಹೊಲವನ್ನು ಜೋಪಾನ ಮಾಡಿ ನನ್ನ ಹೆಸರಿಗೆ ಹಚ್ಚಿಸಿದ, ಅಕ್ಕನ ಮದುವೆ ಮಾಡಿದ. ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ. ಆಡಿ ತೋರಿಸಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು. ಹಾಗಾಗಿ ಯಾವ ಸಭೆಯಲ್ಲಿ ಕೂತರೂ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಮಾವನ ಬಲಗೈಯ ಕಡೆಗೆ.

ನಾನೊಬ್ಬನೇ ಅಲ್ಲ, ಸಂಘದ ಅರ್ಧ ಜನ ಹಾಗೇ ಇದ್ದರು. ಮಾವ ಸಂಘದ ಅಧ್ಯಕ್ಷನೇನಲ್ಲ. ಕಾಲುವೆಯ ಮೇಲ್ಭಾಗದ ರೈತರಿಗೆ ಹಿರಿಯ, ಅಷ್ಟೆ. ಅವನು ಕೈ ಎತ್ತಿದರೆ ಹಿಂದಿನ ಸಾಲುಗಳಲ್ಲಿ ಒಂದೊಂದೇ ಕೈ ಏಳುತ್ತಿತ್ತು. ಎಣಿಸುವ ಕೆಲಸವಿದ್ದ ಸಂಘದ ಸಿಪಾಯಿ ಹುಸೇನಸಾಬ ಮಾವನ ಕೈಯೊಂದನ್ನು ನೋಡಿ, ಉಳಿದದ್ದನ್ನು ಅಂದಾಜಿನ ಮೇಲೆ ಬರೆದುಕೊಳ್ಳುತ್ತಿದ್ದ. ಯಾವತ್ತೂ ತಪ್ಪಾಗಲಿಲ್ಲ.

ಈಗ ಕಾಲುವೆಯ ಮಾತು ಸ್ವಲ್ಪ ಹೇಳಬೇಕು. ನಮ್ಮ ಉಪಕಾಲುವೆಗೆ ನೀರು ಬಿಟ್ಟಾಗ ಮೊದಲು ಮೇಲ್ಭಾಗದ ಹೊಲಗಳಿಗೆ ಹೋಗುತ್ತದೆ. ಅವರದು ಮುಗಿದ ಮೇಲೆ ನಡುವಿನವರಿಗೆ, ಆಮೇಲೆ ಉಳಿದರೆ ಕೊನೆ ಭಾಗಕ್ಕೆ. ಮಾವನ ಹೊಲ ಮೇಲ್ಭಾಗದಲ್ಲಿ. ನನ್ನದು ಸರಿಯಾಗಿ ನಡುವೆ, ನನ್ನ ಸ್ವಭಾವಕ್ಕೆ ತಕ್ಕ ಹಾಗೆ. ಅಕ್ಕನನ್ನು ಕೊಟ್ಟ ಊರು ಕೊನೆ ಭಾಗದ್ದು. ಮಳೆಗಾಲದ ಬೆಳೆಗೆ ಅಲ್ಲಿಗೂ ನೀರು ಮುಟ್ಟುತ್ತಿತ್ತು. ಬೇಸಿಗೆಯ ಬೆಳೆಗೆ ಮುಟ್ಟುತ್ತಿರಲಿಲ್ಲ. ಅಕ್ಕ ಪ್ರತಿ ವರ್ಷ ಭತ್ತದ ಸಸಿ ಹಾಕುವಳು, ಕಾಲುವೆಯ ದಂಡೆಗೆ ಹೋಗಿ ನೋಡುವಳು, ಕಡೆಗೆ ಸಸಿಯನ್ನು ದನಕ್ಕೆ ಹಾಕುವಳು. ಬೇಸಿಗೆಯ ಸರದಿಯನ್ನು ಕೊನೆಯಿಂದ ಶುರು ಮಾಡಬೇಕೆಂಬ ಠರಾವು ಆಗಾಗ ಸಭೆಗೆ ಬರುತ್ತಿತ್ತು. ಮಾವನ ಕೈ ವಿರೋಧದ ಕಡೆ ಏಳುತ್ತಿತ್ತು, ಠರಾವು ಬೀಳುತ್ತಿತ್ತು. ನನ್ನ ಕೈ ಕಿವಿಯ ಹತ್ತಿರ ನಿಂತಿರುತ್ತಿತ್ತು. ಅಕ್ಕನಿಗೆ ಮತವಿಲ್ಲ, ಹೊಲ ಭಾವನ ಹೆಸರಿನಲ್ಲಿದೆ. ಆದರೂ ಸಭೆಗೆ ಬಂದು ಹಿಂದಿನ ಬಾಗಿಲ ಹತ್ತಿರ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಆಮೇಲೆ ನನಗೆ ಊಟಕ್ಕೆ ಬಾ ಅಂತ ಕರೆಯುತ್ತಿದ್ದಳು. ನಾನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆ.

ಹೀಗಿರುವಾಗ ಒಂದು ವರ್ಷ, ಸಂಘಗಳಿಗೆ ತರಬೇತಿ ಕೊಡುವವರು ಯಾರೋ ನಮ್ಮ ಸಂಘವನ್ನು ಪ್ರಯೋಗಕ್ಕೆ ಆರಿಸಿಕೊಂಡರು. ಸಭೆಗೆ ಯಂತ್ರ ತರುತ್ತಾರಂತೆ, ಕೈ ಎತ್ತುವ ಕೆಲಸವೇ ಇಲ್ಲವಂತೆ ಎಂದು ಸುದ್ದಿಯಾಯಿತು. ಸಭೆಗೆ ನಾಲ್ಕು ದಿನ ಮೊದಲು ಅಕ್ಕ ಕೊಪ್ಪಳಕ್ಕೆ ಬಂದಳು. ಚಹಾ ಕುಡಿದಳು, ಶಾಂತಾಳ ಜೊತೆ ಹಪ್ಪಳ ಲಟ್ಟಿಸಿದಳು, ಹೊರಡುವಾಗ ಬಾಗಿಲಲ್ಲಿ ನಿಂತಳು.

“ಯಾರು ಏನ ಒತ್ತಿದ್ರು ಅನ್ನೋದು ಮಾವಗೂ ಗೊತ್ತಾಗಂಗಿಲ್ಲಂತ ತಮ್ಮಾ. ಈ ಸಲಾರ ಒಂದ್ಸಲ ನನ್ನ ಕಡಿ ನೋಡು,” ಅಂದಳು.

ಅಷ್ಟು ವರ್ಷದಲ್ಲಿ ಅಕ್ಕ ನನ್ನನ್ನು ಕೇಳಿದ್ದು ಅದೊಂದೇ. ನನಗೆ ಬಹಳ ನಾಚಿಕೆಯಾಯಿತು. ಹೂಂ ಅಂದೆ.

ಸಭೆ ನಮ್ಮೂರ ಸಮುದಾಯ ಭವನದಲ್ಲಿ. ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಅದರ ಮೇಲೆ ಬೆಳಕು ಬಿಟ್ಟಿದ್ದರು. ತರಬೇತಿಯ ಮೇಡಂ ಹುಡುಗಿಯಂತಿದ್ದಳು, ದನಿ ಮಾತ್ರ ಖಡಕ್ಕು. ಎಲ್ಲರ ಕೈಗೂ ಒಂದೊಂದು ಯಂತ್ರ ಕೊಟ್ಟು, ಒಂದು ಒತ್ತಿದರೆ ಹೌದು, ಎರಡು ಒತ್ತಿದರೆ ಅಲ್ಲ, ಮೂರು ಒತ್ತಿದರೆ ಯಾವುದೂ ಅಲ್ಲ ಅಂತ ಹೇಳಿದಳು. ಮೂರು ಕೇಳಿ ನನಗೆ ಜೀವ ಬಂದ ಹಾಗಾಯಿತು. ನನ್ನಂಥವರಿಗಾಗಿಯೇ ಮಾಡಿದ ಗುಂಡಿ ಅದು. ಹಿಂದಿನ ಬಾಗಿಲ ಹತ್ತಿರ ಅಕ್ಕ ಕೂತದ್ದು ಕಂಡಿತು. ಮೂರರ ಆಸೆ ಬಿಟ್ಟೆ.

ಮೊದಲು ಅಭ್ಯಾಸಕ್ಕೆ ಒಂದು ಸುಲಭದ ಪ್ರಶ್ನೆ. ಸಭೆ ಮುಗಿದ ಮೇಲೆ ಉಪ್ಪಿಟ್ಟು ಬೇಕಿದ್ದರೆ ಒಂದು, ಒಗ್ಗರಣಿ ಮಿರ್ಚಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ, ಬೇಕಿದ್ದರೆ ಎರಡು. ಮೇಡಂ ಒತ್ತಿ ಅಂದಳು. ಯಾರೂ ಒತ್ತಲಿಲ್ಲ. ಪ್ರತಿ ಸಾಲಿನವರೂ ತಮ್ಮ ತಮ್ಮ ಯಂತ್ರವನ್ನು ಆ ಸಾಲಿನ ಹಿರಿಯರಿಗೆ ದಾಟಿಸಿದರು. ಹಿರಿಯರಿರುವಾಗ ನಾವು ಹೇಗೆ ಮೊದಲು ಒತ್ತುವುದು. ಎರಡು ನಿಮಿಷದಲ್ಲಿ ಮಾವನ ಧೋತರದ ತುಂಬ ಹನ್ನೆರಡು ಯಂತ್ರ. ಮೇಡಂ ಬಂದು ಒಂದೊಂದನ್ನೇ ವಾಪಸು ಹಂಚಿದಳು. ಎರಡನೆಯ ಸಲ ಎಲ್ಲರೂ ಯಂತ್ರ ಹಿಡಿದ ಕೈಯನ್ನು ತಲೆಯ ಮೇಲೆ ಎತ್ತಿ ಒತ್ತಿದರು. ಯಾರ ಹೆಬ್ಬೆರಳು ಎಲ್ಲಿದೆ ಅನ್ನುವುದು ಇಡೀ ಭವನಕ್ಕೆ ಕಂಡಿತು. ಗುಟ್ಟಾಗಿ ಒತ್ತಬೇಕು, ಬೇಕಾದರೆ ಹೆಗಲ ಮೇಲಿನ ಟವೆಲ್ಲು ಮರೆ ಮಾಡಿಕೊಳ್ಳಿ ಅಂತ ಮೇಡಂ ಬೇಡಿಕೊಂಡಳು.

ಟವೆಲ್ಲು ಅಂದ ಕೂಡಲೇ ಹಿರಿಯರ ಮುಖ ಅರಳಿತು. “ಹಂಗನ್ರಿ ಮತ್ತ. ದನದ ಸಂತಿ ಇದ್ದಂಗ,” ಅಂದ ಒಬ್ಬ.

ಕುಷ್ಟಗಿಯ ದನದ ಸಂತೆಗೆ ನಾನು ಮಾವನ ಜೊತೆ ಎಷ್ಟೋ ಸಲ ಹೋಗಿದ್ದೇನೆ. ರಾತ್ರಿಯೇ ಕಟ್ಟಿದ ಬುತ್ತಿ, ಮೆತ್ತಗಾದ ರೊಟ್ಟಿ, ನಂಚಿಕೊಳ್ಳಲು ಅಗಸಿ ಹಿಂಡಿ, ನನಗೆ ಸಂತೆಯಲ್ಲಿ ಒಂದು ಪೊಟ್ಟಣ ಸೇವು. ಎತ್ತುಗಳ ಹಲ್ಲು ನೋಡುವುದಕ್ಕಿಂತ ನನಗೆ ವ್ಯಾಪಾರ ನೋಡುವುದೇ ಹೆಚ್ಚು ಇಷ್ಟ. ಕೊಳ್ಳುವವನೂ ಮಾರುವವನೂ ಒಬ್ಬರ ಕೈಯನ್ನು ಇನ್ನೊಬ್ಬರು ಟವೆಲ್ಲಿನ ಕೆಳಗೆ ಹಿಡಿದಿರುತ್ತಿದ್ದರು. ಬಾಯಲ್ಲಿ ಏನೋ ಒಂದು ಕೂಗುತ್ತಿದ್ದರು, ಒಳಗೆ ಬೆರಳು ಹಿಡಿದು ಬೇರೆಯೇ ಹೇಳುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಬಾಯಿಯ ಮಾತು ಸುತ್ತ ನಿಂತವರಿಗೆ, ಬೆರಳಿನ ಮಾತೇ ಖರೆ ಅಂತ ಮಾವ ಹೇಳಿಕೊಟ್ಟಿದ್ದ. ಊರಿಗೆ ಬರುವ ದಾರಿಯಲ್ಲಿ ನಾನು ಬಾಯಲ್ಲಿ ಐದು ಅನ್ನುವುದು, ಮಾವನ ಎರಡು ಬೆರಳು ಹಿಡಿಯುವುದು, ಅವನು “ಎರಡು” ಅನ್ನುವುದು. ಆ ಆಟ ಬಸ್ಸು ಇಳಿಯುವ ತನಕ ನಡೆಯುತ್ತಿತ್ತು.

ಮೂರನೆಯ ಸಲ ಎಲ್ಲರೂ ಟವೆಲ್ಲಿನ ಮರೆಯಲ್ಲಿ ಒತ್ತಿದ ಮೇಲೆ ಅಭ್ಯಾಸದ ಫಲಿತಾಂಶ ಬಟ್ಟೆಯ ಮೇಲೆ ಮೂಡಿತು. ಉಪ್ಪಿಟ್ಟಿಗೆ ಬಿದ್ದದ್ದು ಮೂರು ಮತ, ಉಳಿದದ್ದೆಲ್ಲ ಮಿರ್ಚಿಗೆ. ಮಾವನಿಗೆ ಎದೆಯುರಿ ಅಂತ ಸಂಘದ ಸಭೆಯಲ್ಲಿ ಇಷ್ಟು ವರ್ಷವೂ ಉಪ್ಪಿಟ್ಟೇ ಮಾಡಿಸುತ್ತಿದ್ದರು. ಯಾರೂ ಬೇರೆ ಕೇಳಿರಲಿಲ್ಲ. ಮಾವ ಬಟ್ಟೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ವಾಲಿ, ಇಷ್ಟು ಮಂದಿ ಇಷ್ಟು ವರ್ಷ ನನ್ನ ಸಲುವಾಗಿ ಉಪ್ಪಿಟ್ಟು ತಿಂದರೇನೋ ಅಂತ ಮೆಲ್ಲಗೆ ಕೇಳಿದ. ನಾನೂ ಮಿರ್ಚಿಗೇ ಒತ್ತಿದ್ದೆ.

ಆಮೇಲೆ ಅಸಲು ವಿಷಯ ಬಂತು. ಬೇಸಿಗೆಯ ಸರದಿಯನ್ನು ಕೊನೆ ಭಾಗದಿಂದ ಶುರು ಮಾಡಬೇಕೇ. ಹೌದು ಅನ್ನುವವರು ಒಂದು, ಬೇಡ ಅನ್ನುವವರು ಎರಡು. ಕಣ್ಣು ಕಾಣದವರು ತಮಗೆ ನಂಬಿಕೆ ಇದ್ದವರ ಸಹಾಯ ಪಡೆಯಬಹುದು ಅಂತ ಮೇಡಂ ಹೇಳಿದಳು. ಮಾವನ ಆ ಪಕ್ಕದಲ್ಲಿ ಮೇಲ್ಭಾಗದ ಇಬ್ಬರು ದೊಡ್ಡ ರೈತರು ಅವನಿಗೆ ಅಂಟಿ ಕೂತಿದ್ದರು. ಈ ಪಕ್ಕದಲ್ಲಿ ನಾನು. ಮಾವ ತನ್ನ ಯಂತ್ರವನ್ನು ಟವೆಲ್ಲಿನ ಕೆಳಗೆ ನನ್ನ ಕೈಗೆ ತುರುಕಿದ.

“ಚಾಳೀಸು ಮನ್ಯಾಗ ಬಿಟ್ಟು ಬಂದೀನಿ. ನಂದೂ ನೀನ ಒತ್ತು. ಎರಡು ಒತ್ತು,” ಅಂದ. ಪಕ್ಕದವರಿಗೂ ಕೇಳುವಷ್ಟು ದೊಡ್ಡದಾಗಿಯೇ ಅಂದ. ಹೇಳುವಾಗ ನನ್ನ ತೋರುಬೆರಳನ್ನು ಹಿಡಿದುಕೊಂಡಿದ್ದ. ಯಂತ್ರ ಜಾರದಿರಲಿ ಅಂತ ಹಿಡಿದಿದ್ದಾನೆ ಅಂದುಕೊಂಡೆ.

ಈಗ ನನ್ನ ಬಳಿ ಎರಡು ಮತ. ಬಲಗೈಯಲ್ಲಿ ನನ್ನದು, ಎಡಗೈಯಲ್ಲಿ ಮಾವನದು. ನಿಮಗೆ ಸುಳ್ಳು ಹೇಳುವುದಿಲ್ಲ, ಎರಡರಲ್ಲೂ ಒಂದನ್ನೇ ಒತ್ತಿಬಿಡಲೇ ಅಂತ ಅನಿಸಿತು. ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕನ ಗದ್ದೆಗೆ ನೀರು ಬರುತ್ತಿತ್ತು. ಆದರೆ ನಂಬಿ ಕೊಟ್ಟದ್ದನ್ನು ಕದಿಯುವುದು ನನ್ನಿಂದ ಆಗಲಿಲ್ಲ. ಉಣಿಸಿದ ಕೈ ಅದು. ಬಲಗೈಯಲ್ಲಿ ಒಂದು ಒತ್ತಿದೆ. ಜೀವಮಾನದಲ್ಲಿ ಮೊದಲ ಸಲ, ಅರ್ಧವಲ್ಲದ ಒಂದು ಮತ. ಎಡಗೈಯಲ್ಲಿ ಎರಡು ಒತ್ತಿದೆ. ಎರಡರಲ್ಲೂ ಸಣ್ಣ ಹಸಿರು ದೀಪ ಮಿನುಗಿತು. ಅಕ್ಕನಿಗೂ ಮೋಸವಿಲ್ಲ, ಮಾವನಿಗೂ ಮೋಸವಿಲ್ಲ ಅಂತ ನನ್ನ ಬಗ್ಗೆ ನನಗೇ ಅಭಿಮಾನವಾಯಿತು.

ಠರಾವು ಒಂದೇ ಒಂದು ಮತದಿಂದ ಬಿದ್ದಿತು.

ಹಿಂದಿನ ಬಾಗಿಲ ಕಡೆ ನೋಡಿದೆ. ಅಕ್ಕ ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ಹೋಗುತ್ತಿದ್ದಳು. ಮಾವ ನನ್ನನ್ನೇ ನೋಡುತ್ತಿದ್ದ. ಅವನ ಕಡೆಯವರು ಗೆದ್ದಿದ್ದರೂ ಮುಖದಲ್ಲಿ ಗೆಲುವಿರಲಿಲ್ಲ. ಕೈ ಚಾಚಿ ತನ್ನ ಯಂತ್ರ ಇಸಿದುಕೊಂಡ, ಒಗ್ಗರಣಿ ಮಿರ್ಚಿ ಬೇಡವೆಂದ, ಯಂತ್ರ ಒಂದು ಕಡಿಮೆ ಬಂದಾಗ ಎಲ್ಲರ ಜೊತೆ ಹುಡುಕಿದ. ಆಮೇಲೆ ನಾವಿಬ್ಬರೂ ಕಾಲುವೆಯ ದಂಡೆ ಹಿಡಿದು ಮನೆಗೆ ಹೊರಟೆವು.

ತೂಬಿನ ಹತ್ತಿರ ಬಂದಾಗ ಮಾವ ನಿಂತ. ಅಂಗಿಯ ಜೇಬಿನಿಂದ ಚಾಳೀಸು ತೆಗೆದು, ಟವೆಲ್ಲಿನ ತುದಿಯಿಂದ ಒರೆಸಿ, ಹಾಕಿಕೊಂಡು ನೀರಿನ ಮಟ್ಟ ನೋಡಿದ. ಚಾಳೀಸು ಮನೆಯಲ್ಲಿದೆ ಅಂದಿದ್ದನಲ್ಲ ಅಂತ ನಾನು ಅದನ್ನೇ ನೋಡುತ್ತಿದ್ದೆ.

“ನಾ ಎಷ್ಟು ಬೆರಳು ಹಿಡದಿದ್ನೋ?” ಅಂತ ಕೇಳಿದ.

“ಒಂದು, ಮಾವಾ.”

“ನೀ ಒತ್ತಿದ್ದು?”

“ಎರಡು.”

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಮ್ಯಾಗಿನವ್ರಿಗೆ ಮಾತು ಕೊಟ್ಟಿದ್ದೆ. ಬಾಯಿಲೆ ಕೊಟ್ಟ ಮಾತು ಬಾಯಿಲೆ ತೀರಿಸಿದೆ. ಉಳದಿದ್ದು ನಿನ್ನ ಕೈಯಾಗ ಇಟ್ಟಿದ್ದೆ,” ಅಂದ. ಸ್ವಲ್ಪ ದೂರ ಹೋದ ಮೇಲೆ, “ಆಕಿ ನನಗೂ ಮಗಳಲ್ಲೇನೋ,” ಅಂದ.

ಆ ಒಂದು ಮತ ಈಚೆ ಬಿದ್ದಿದ್ದರೆ ಠರಾವು ಗೆಲ್ಲುತ್ತಿತ್ತು. ಜೀವಮಾನವೆಲ್ಲ ಅವನ ಕೈ ನೋಡಿ ನಡೆದವನು, ಅವನ ಕೈ ಮಾತಾಡಿದ ಒಂದೇ ದಿನ ಬಾಯಿಯ ಮಾತು ಕೇಳಿದ್ದೆ.

ಆ ಬೇಸಿಗೆಯೂ ಅಕ್ಕ ಸಸಿಯನ್ನು ದನಕ್ಕೆ ಹಾಕಿದಳು. ನನ್ನ ಮೇಲೆ ಆಕೆಗೆ ಅನುಮಾನ ಬರಲಿಲ್ಲ. ನಾನು ಒಂದು ಒತ್ತಿದೆನೆಂದು ಹೇಳಿದ್ದೆ, ಅದು ನಿಜವೂ ಆಗಿತ್ತು. “ಯಾವ ಪುಣ್ಯಾತ್ಮ ಆ ಒಂದು ಒತ್ತಲಿಲ್ಲೋ ಏನೋ,” ಅಂತ ಆಗಾಗ ಅನ್ನುವಳು. ಆಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಹೇಳಿದರೆ ಮಾವನ ಗುಟ್ಟು ಬಿಟ್ಟುಕೊಟ್ಟಂತೆ ಅಂತ ಒಂದು ನೆಪವಿತ್ತು.

ಮರುವರ್ಷ ಯಂತ್ರದವರು ಬರಲಿಲ್ಲ. ನಮ್ಮಲ್ಲಿ ಒಂದು ಯಂತ್ರ ಕಳೆದದ್ದಕ್ಕೆ ಬೇಸರಪಟ್ಟುಕೊಂಡರೋ, ಬೇರೆ ಊರು ಸಿಕ್ಕಿತೋ ಗೊತ್ತಿಲ್ಲ. ಮತ್ತೆ ಕೈ ಎತ್ತುವ ಸಭೆ, ಮತ್ತೆ ಅದೇ ಠರಾವು. ಪರವಾಗಿದ್ದವರು ಕೈ ಎತ್ತಿ ಅಂದಾಗ ನಾನು ಮಾವನ ಕಡೆ ನೋಡಲಿಲ್ಲ. ಕೈ ಕಿವಿ ದಾಟಿತು, ತಲೆ ದಾಟಿತು, ಅಂಗಿಯ ಬಗಲಿನ ಹೊಲಿಗೆ ಚರ್ರೆಂದು ಬಿಚ್ಚಿತು. ನನ್ನ ತೋಳು ಪೂರ್ತಿ ಎಷ್ಟು ಉದ್ದವಿದೆ ಅನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು. ಮಾವನ ಕೈಯೂ ಎದ್ದಿತ್ತು ಅಂತ ಹುಸೇನಸಾಬ ಆಮೇಲೆ ಹೇಳಿದ. ಆ ಸಲ ಅವನು ಒಂದೊಂದೇ ಕೈಯನ್ನು ಬೆರಳು ಮಾಡಿ ಎಣಿಸಬೇಕಾಯಿತಂತೆ. ಠರಾವು ಪಾಸಾಯಿತು. ಮೇಲ್ಭಾಗದವರು ಮಾವನ ಜೊತೆ ಒಂದು ವರ್ಷ ಮಾತು ಬಿಟ್ಟರು. ಅಕ್ಕನ ಗದ್ದೆಯಲ್ಲಿ ಬೇಸಿಗೆಯ ನಾಟಿಯಾಯಿತು. ಸಭೆಯಲ್ಲಿ ಉಪ್ಪಿಟ್ಟು ಮಾತ್ರ ಮತ್ತೆ ಬರಲಿಲ್ಲ. ಮಾವ ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದ.

ಯಂತ್ರವನ್ನು ಅವನು ಯಾಕೆ ಇಟ್ಟುಕೊಂಡ ಎಂದು ನಾನು ಕೇಳಲಿಲ್ಲ, ಅದು ಅವನ ಹತ್ತಿರ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಮೊನ್ನೆ ಅದನ್ನು ಹಿಡಿದುಕೊಂಡು ಕೂತಾಗ, ಇನ್ನು ನೆಪ ಬೇಡ ಅನಿಸಿತು. ಅಕ್ಕನಿಗೆ ಎಲ್ಲ ಹೇಳಿದೆ. ಎರಡು ಮತದ ವಿಷಯ, ಟವೆಲ್ಲಿನ ವಿಷಯ, ಮಾವ ತೂಬಿನ ಹತ್ತಿರ ನಿಂತು ಕೇಳಿದ್ದು, ಆಕಿ ನನಗೂ ಮಗಳಲ್ಲೇನೋ ಅಂದದ್ದು. ಆ ಪುಣ್ಯಾತ್ಮ ನಾನೇ ಅಂದೆ.

ಅಕ್ಕ ಮಡಿಲ ಮೇಲಿದ್ದ ಸೆರಗನ್ನು ನನ್ನ ಕೈಯ ಮೇಲೆ ಎಳೆದು, ಅದರ ಕೆಳಗೆ ನನ್ನ ತೋರುಬೆರಳನ್ನು ಹಿಡಿದಳು.

“ಹಿಂಗ ಹಿಡದಿದ್ನೇನು?”

“ಹೂಂ.”

“ನಿನ್ನ ಜಾಗದಾಗ ನಾ ಇದ್ದಿದ್ರ ಇದು ನನಗ ತಿಳೀತಿತ್ತಲ್ಲೋ,” ಅಂದಳು ಅಕ್ಕ. ಸಂತೆಗೆ ಮಾವ ಕರೆದುಕೊಂಡು ಹೋಗುತ್ತಿದ್ದದ್ದು ನನ್ನನ್ನು ಮಾತ್ರ. ಆಕೆಯನ್ನು ಒಂದು ಸಲವೂ ಕರೆದುಕೊಂಡು ಹೋಗಿರಲಿಲ್ಲ. ನಕ್ಕಳೋ ಅತ್ತಳೋ ನನಗೆ ಸರಿಯಾಗಿ ಕಾಣಲಿಲ್ಲ. ಬೆರಳನ್ನು ಮಾತ್ರ ಬಿಡಲಿಲ್ಲ.